ಕಾರಿನ ಬ್ಯಾಟರಿ ಬದಲಾಯಿಸುವುದು: ಯಾವುದನ್ನು ನಾವೇ ಮಾಡಬಹುದು, ಯಾವುದಕ್ಕೆ ಡೀಲರ್ ಬೇಕು

ಕಾರಿನ ಬ್ಯಾಟರಿ ಬದಲಾಯಿಸುವುದೆಂದರೆ ಕೈಕೆಲಸದ ಲೆಕ್ಕದಲ್ಲಿ ಮೂರು ನಟ್ ಬಿಚ್ಚಿ ಮತ್ತೆ ಬಿಗಿಯುವುದು, ಅಷ್ಟೇ. ಎರಡು ನಟ್ ಟರ್ಮಿನಲ್‌ಗಳದ್ದು, ಒಂದು ಬ್ಯಾಟರಿಯನ್ನು ಟ್ರೇಗೆ ಒತ್ತಿ ಹಿಡಿಯುವ ಕ್ಲಾಂಪಿನದ್ದು. ಬಹುಪಾಲು ಕಾರುಗಳಲ್ಲಿ ಟರ್ಮಿನಲ್‌ಗೆ 10 ಎಂಎಂ ಸ್ಪ್ಯಾನರ್, ಕ್ಲಾಂಪಿಗೆ 10, 12 ಅಥವಾ 13 ಎಂಎಂ ಸಾಕೆಟ್ ಇದ್ದರೆ ಸಾಕು. ಬಾನೆಟ್ ತೆಗೆದರೆ ಕೈಗೆ ಸಿಗುವಂತೆ ಕೂತಿರುವ ಬ್ಯಾಟರಿಯಾದರೆ ನಿಧಾನವಾಗಿ ಮಾಡಿದರೂ ಅರ್ಧ ಗಂಟೆಯ ಕೆಲಸ. ಇದಕ್ಕೆ ಡೀಲರ್ ಬಿಲ್ಲಿನಲ್ಲಿ ಬರೆದ ಲೇಬರ್ ಚಾರ್ಜ್ ನೋಡಿದವರಿಗೆ ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಹಣವೇ ಅನಿಸುವುದು ಸಹಜ.

ಆದರೆ ಡೀಲರ್‌ಗೆ ಕೊಡುವ ಹಣದಲ್ಲಿ ನಟ್ ತಿರುಗಿಸುವುದು ಚಿಕ್ಕ ಪಾಲು. ಬೆಲೆಯುಳ್ಳ ಕೆಲಸ ಮೂರು. ಕೆಟ್ಟಿರುವುದು ಬ್ಯಾಟರಿಯೇ ಹೌದೇ ಎಂದು ಪರೀಕ್ಷಿಸುವುದು, ಆ ಕಾರಿಗೆ ಸರಿಯಾಗಿ ಹೊಂದುವ ಬ್ಯಾಟರಿ ಆರಿಸುವುದು, ಕೆಲವು ಕಾರುಗಳಲ್ಲಿ ಹೊಸ ಬ್ಯಾಟರಿ ಬಂದಿದೆ ಎಂದು ಕಾರಿನ ಕಂಪ್ಯೂಟರಿಗೆ ತಿಳಿಸುವುದು. ಮೊದಲ ಎರಡಕ್ಕೆ ಒಂದು ಸಾಧಾರಣ ಮಲ್ಟಿಮೀಟರ್ ಮತ್ತು ಒಂದು ರಾತ್ರಿಯ ತಾಳ್ಮೆ ಸಾಕು. ಮೂರನೆಯದು ಕಾರಿನಿಂದ ಕಾರಿಗೆ ಬೇರೆ. ಹಾಗಾಗಿ ನಾವೇ ಮಾಡುವುದೋ ಡೀಲರ್ ಹತ್ತಿರ ಹೋಗುವುದೋ ಎಂಬುದನ್ನು ಈ ಮೂರನೆಯ ಕೆಲಸ ನೋಡಿ ತೀರ್ಮಾನಿಸಬೇಕು. ಸ್ಪ್ಯಾನರ್ ಹಿಡಿಯಲು ಬರುತ್ತದೋ ಇಲ್ಲವೋ ಎಂಬುದು ಅಷ್ಟು ದೊಡ್ಡ ಪ್ರಶ್ನೆಯಲ್ಲ.

ಕೆಳಗಿನ ಅಳತೆಗಳು ಐದು ವರ್ಷ ದುಡಿದ 60 ಎಎಚ್ (ಆಂಪಿಯರ್ ಅವರ್, ಬ್ಯಾಟರಿಯ ಸಾಮರ್ಥ್ಯದ ಅಳತೆ) ಬ್ಯಾಟರಿಯೊಂದನ್ನು ಬದಲಾಯಿಸಿದ ಕೆಲಸದವು. ಬೆಳಗ್ಗೆ ಸೆಲ್ಫ್ ಒಂದೆರಡು ಸುತ್ತು ಕಷ್ಟಪಟ್ಟು ತಿರುಗಿ ನಿಲ್ಲುತ್ತಿತ್ತು, ಆಮೇಲೆ ಬರೀ ಟಕಟಕ ಸದ್ದು. ಈ ಲಕ್ಷಣ ಕಂಡ ಕೂಡಲೇ ಹೊಸ ಬ್ಯಾಟರಿ ತರುವವರೇ ಹೆಚ್ಚು. ಇದೇ ಲಕ್ಷಣ ಸಡಿಲವಾದ ಟರ್ಮಿನಲ್‌ನಿಂದಲೂ ಬರುತ್ತದೆ, ಚಾರ್ಜ್ ಮಾಡದ ಆಲ್ಟರ್ನೇಟರ್‌ನಿಂದಲೂ ಬರುತ್ತದೆ, ರಾತ್ರಿಯಿಡೀ ಕರೆಂಟ್ ಎಳೆಯುವ ಯಾವುದೋ ಉಪಕರಣದಿಂದಲೂ ಬರುತ್ತದೆ. ಆಲ್ಟರ್ನೇಟರ್ ಕೆಟ್ಟಿದ್ದಾಗ ಹೊಸ ಬ್ಯಾಟರಿ ಹಾಕಿದರೆ ಎರಡು ದಿನ ಕಾರು ಚೆನ್ನಾಗಿ ಓಡಿ ಮತ್ತೆ ನಿಲ್ಲುತ್ತದೆ. ಆಗ ಹೊಸ ಬ್ಯಾಟರಿಯೂ ಪೂರ್ತಿ ಖಾಲಿಯಾಗಿ ಅದರ ಆಯಸ್ಸು ಸ್ವಲ್ಪ ಹೋಗಿರುತ್ತದೆ.

ಪರೀಕ್ಷೆ ಶುರುವಾಗುವುದು ವಿಶ್ರಾಂತಿಯ ವೋಲ್ಟೇಜಿನಿಂದ. ಇಂಜಿನ್ ನಿಲ್ಲಿಸಿ ಕನಿಷ್ಠ ಆರೇಳು ಗಂಟೆ ಕಾರನ್ನು ಮುಟ್ಟದೆ ಬಿಡಬೇಕು. ಆಗಷ್ಟೇ ಓಡಿಸಿ ನಿಲ್ಲಿಸಿದ ಕಾರಿನಲ್ಲಿ ಪ್ಲೇಟುಗಳ ಮೇಲ್ಮೈಯಲ್ಲಿ ಉಳಿದ ಚಾರ್ಜಿನಿಂದ ಮೀಟರ್ ಜಾಸ್ತಿ ತೋರಿಸುತ್ತದೆ. ಕಾಯುವಷ್ಟು ಸಮಯವಿಲ್ಲದಿದ್ದರೆ ಹೆಡ್‌ಲೈಟ್ ಒಂದೆರಡು ನಿಮಿಷ ಉರಿಸಿ, ಆರಿಸಿ, ಐದು ನಿಮಿಷ ಬಿಟ್ಟು ಅಳೆಯಬಹುದು. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕೆಂಪು ಮೊನೆಯನ್ನು ಪ್ಲಸ್ ಕಂಬಕ್ಕೂ ಕಪ್ಪನ್ನು ಮೈನಸ್ ಕಂಬಕ್ಕೂ ಒತ್ತಿ ಹಿಡಿಯಬೇಕು. ಕಂಬ ಅಂದರೆ ಬ್ಯಾಟರಿಯಿಂದ ಮೇಲೆದ್ದ ಸೀಸದ ಗುಬುಟು, ಅದನ್ನು ಹಿಡಿದಿರುವ ಕೇಬಲ್ಲಿನ ಕ್ಲಾಂಪ್ ಅಲ್ಲ. ಪೂರ್ತಿ ಚಾರ್ಜಾದ ಬ್ಯಾಟರಿ 12.6ರಿಂದ 12.7 ತೋರಿಸುತ್ತದೆ. ಒಳಗೆ ಆರು ಸೆಲ್ ಸಾಲಾಗಿವೆ, ಒಂದೊಂದರದು ಸುಮಾರು 2.1 ವೋಲ್ಟ್. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗ ಉಳಿದಿದೆ. ನಮ್ಮ ಬ್ಯಾಟರಿ ತೋರಿಸಿದ್ದು 12.05.

ಇಷ್ಟರಿಂದಲೇ ಬ್ಯಾಟರಿ ಸತ್ತಿದೆ ಎನ್ನಲಾಗದು, ಖಾಲಿಯಾಗಿದೆ ಎನ್ನಬಹುದು. ಎರಡಕ್ಕೂ ವ್ಯತ್ಯಾಸವಿದೆ. ಚಾರ್ಜರ್ ಹಾಕಿ ರಾತ್ರಿಯಿಡೀ ಪೂರ್ತಿ ಚಾರ್ಜ್ ಮಾಡಿ, ತೆಗೆದು, ಮತ್ತೆ ಕೆಲವು ಗಂಟೆ ಬಿಟ್ಟು ಅಳೆದಾಗ 12.55 ಬಂತು. ಮೇಲ್ನೋಟಕ್ಕೆ ಪರವಾಗಿಲ್ಲ ಅನಿಸುವ ಅಂಕಿ. ನಿಜ ಗೊತ್ತಾಗುವುದು ಸೆಲ್ಫ್ ಹೊಡೆಯುವಾಗ. ಒಬ್ಬರು ಕೀ ತಿರುಗಿಸಬೇಕು, ಇನ್ನೊಬ್ಬರು ಮೀಟರ್ ನೋಡಬೇಕು. ಸಾಧಾರಣ ಹವೆಯಲ್ಲಿ, ಪೂರ್ತಿ ಚಾರ್ಜಾದ ಒಳ್ಳೆಯ ಬ್ಯಾಟರಿ ಆ ಹೊತ್ತಿನಲ್ಲಿ 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಚೆನ್ನಾಗಿರುವುದಾದರೆ 10ರ ಮೇಲೆಯೇ ನಿಲ್ಲುತ್ತದೆ. ಇದು 8.6ಕ್ಕೆ ಕುಸಿಯಿತು.

ಕಾರಣ ಒಳಗಿನ ರೆಸಿಸ್ಟೆನ್ಸ್. ಸ್ಟಾರ್ಟರ್ 200 ಆಂಪಿಯರ್ ಎಳೆಯುತ್ತದೆ ಎಂದು ಇಟ್ಟುಕೊಳ್ಳಿ. ಹೊಸ ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್ 0.005 ಓಮ್ ಇದ್ದರೆ ಒಂದು ವೋಲ್ಟ್ ಮಾತ್ರ ಒಳಗೇ ಕರಗುತ್ತದೆ. ಅದೇ 0.02 ಓಮ್ ಆದರೆ ನಾಲ್ಕು ವೋಲ್ಟ್ ಹೋಯಿತು. ಬ್ಯಾಟರಿಯನ್ನು ಅರೆ ಚಾರ್ಜಿನಲ್ಲೇ ದಿನಗಟ್ಟಲೆ ಬಿಟ್ಟಾಗ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಚಾರ್ಜ್ ಮಾಡಿದರೂ ಅದು ಕರಗುವುದಿಲ್ಲ, ಆ ಜಾಗ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಬಿಸಿಲಿನ ಕಾವಿಗೆ ಪ್ಲೇಟಿನ ಜಾಲರಿ ಸವೆಯುವುದು ಇನ್ನೊಂದು. ದೀಪ, ಹಾರನ್, ರೇಡಿಯೊಗೆ ಕೆಲವೇ ಆಂಪಿಯರ್ ಸಾಕು, ಹಾಗಾಗಿ ಇಂಥ ಬ್ಯಾಟರಿಯಲ್ಲೂ ಅವೆಲ್ಲ ಸರಿಯಾಗಿ ನಡೆಯುತ್ತವೆ. "ಲೈಟ್ ಚೆನ್ನಾಗಿ ಉರಿಯುತ್ತಿದೆ, ಬ್ಯಾಟರಿ ಸರಿಯಿದೆ" ಎಂಬ ಮಾತು ಇದಕ್ಕೇ ನಂಬಲಾಗದು.

ಬ್ಯಾಟರಿಗೆ ತೀರ್ಪು ಕೊಡುವ ಮೊದಲು ಇನ್ನೆರಡು ಅಳತೆ ಬೇಕು. ಸೆಲ್ಫ್ ಹೊಡೆಯುವಾಗ ಮೀಟರಿನ ಒಂದು ಮೊನೆ ಪ್ಲಸ್ ಕಂಬದ ನೆತ್ತಿಗೆ, ಇನ್ನೊಂದು ಅದೇ ಪ್ಲಸ್‌ನ ಕ್ಲಾಂಪಿಗೆ ಹಿಡಿಯಿರಿ. ಸೊನ್ನೆಯ ಹತ್ತಿರ ಇರಬೇಕು. 0.2 ವೋಲ್ಟಿಗಿಂತ ಹೆಚ್ಚು ಬಂದರೆ ನಡುವೆ ಕೊಳೆ ಇದೆ ಅಥವಾ ಕ್ಲಾಂಪ್ ಸಡಿಲವಿದೆ. ಉಜ್ಜಿ ಬಿಗಿದರೆ ಹಳೆಯ ಬ್ಯಾಟರಿಯಲ್ಲೇ ಕೆಲಸ ಮುಗಿಯಬಹುದು. ಮೈನಸ್ ಕಡೆಯೂ ಹೀಗೆಯೇ ನೋಡಬೇಕು. ಆಮೇಲೆ ಇಂಜಿನ್ ಓಡುತ್ತಿರುವಾಗ ಎರಡು ಕಂಬಗಳ ನಡುವೆ 13.8ರಿಂದ 14.7 ಬಂದರೆ ಆಲ್ಟರ್ನೇಟರ್ ಸರಿಯಿದೆ. ಇಲ್ಲಿ 14.2 ಇತ್ತು. ಈಚಿನ ಕೆಲವು ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜಿಂಗನ್ನು ಏರಿಳಿಸುವುದರಿಂದ ಒಮ್ಮೊಮ್ಮೆ 12.8ಕ್ಕೂ ಇಳಿಯುತ್ತದೆ. ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ ಸ್ವಲ್ಪ ಹೊತ್ತು ನೋಡದೆ ಆಲ್ಟರ್ನೇಟರ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ.

ಒಳ್ಳೆಯ ಬ್ಯಾಟರಿಯೂ ದಿನ ಬಿಟ್ಟು ದಿನ ಖಾಲಿಯಾಗುತ್ತಿದ್ದರೆ ಸೋರಿಕೆ ಹುಡುಕಬೇಕು. ಕಾರು ಲಾಕ್ ಮಾಡಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬಿಟ್ಟರೆ ಒಳಗಿನ ಕಂಪ್ಯೂಟರುಗಳೆಲ್ಲ ನಿದ್ದೆಗೆ ಜಾರುತ್ತವೆ. ಆಗ ಮೈನಸ್ ಕೇಬಲ್‌ನಲ್ಲಿ ಹರಿಯುವ ಕರೆಂಟ್ 50 ಮಿಲಿಆಂಪಿಯರ್ ಒಳಗಿರಬೇಕು. 50 ಮಿಲಿಆಂಪಿಯರ್ ಅಂದರೆ ದಿನಕ್ಕೆ 1.2 ಎಎಚ್, ಇಪ್ಪತ್ತು ದಿನಕ್ಕೆ 24 ಎಎಚ್. ತಿಂಗಳುಗಟ್ಟಲೆ ನಿಲ್ಲಿಸಿದ ಕಾರು ಯಾಕೆ ಶುರುವಾಗುವುದಿಲ್ಲ ಎಂಬುದಕ್ಕೆ ಈ ಲೆಕ್ಕವೇ ಉತ್ತರ. ಸೋರಿಕೆ ಇದಕ್ಕಿಂತ ಬಹಳ ಹೆಚ್ಚಿದ್ದರೆ ಬ್ಯಾಟರಿ ಬದಲಾಯಿಸುವ ಮಾತು ಬಿಟ್ಟು ಎಲೆಕ್ಟ್ರಿಷಿಯನ್ ಹತ್ತಿರ ಹೋಗುವುದೇ ಸರಿ. ಹೊರಗಿನಿಂದ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಕ್ಯಾಮೆರಾ, ಟ್ರ್ಯಾಕರ್‌ಗಳನ್ನು ಮೊದಲು ಅನುಮಾನಿಸಿ.

ಈಗ ಬ್ಯಾಟರಿ ಆಯ್ಕೆ. ಸ್ವಂತ ಕೈಯಿಂದ ಮಾಡಿದವರ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಅಂಗಡಿಯಲ್ಲಿ "60 ಎಎಚ್ ಕೊಡಿ" ಎಂದರೆ ಸಾಲದು, ನಾಲ್ಕು ವಿಷಯ ಹೊಂದಬೇಕು: ಡಬ್ಬಿಯ ಅಳತೆ, ಕಂಬಗಳು ಯಾವ ಬದಿಗಿವೆ ಎಂಬುದು, ಕಂಬದ ದಪ್ಪ, ಬ್ಯಾಟರಿಯ ಜಾತಿ. ಯುರೋಪಿಯನ್ ಮಾದರಿಯ 60 ಎಎಚ್ ಡಬ್ಬಿ ಸಾಮಾನ್ಯವಾಗಿ 242 ಎಂಎಂ ಉದ್ದ, 175 ಎಂಎಂ ಅಗಲ, 190 ಎಂಎಂ ಎತ್ತರ. ಅದರ ಬುಡದಲ್ಲಿ ಒಂದು ಅಂಚು ಇರುತ್ತದೆ, ಟ್ರೇಯ ಕ್ಲಾಂಪ್ ಆ ಅಂಚನ್ನು ಒತ್ತಿ ಹಿಡಿಯುತ್ತದೆ. ಜಪಾನಿ ಮಾದರಿಯಲ್ಲಿ 55ಬಿ24ಎಲ್ ಎಂಬಂಥ ಗುರುತು ಬರುತ್ತದೆ. 55 ಸಾಮರ್ಥ್ಯದ ದರ್ಜೆ, ಎಎಚ್ ಅಲ್ಲ. ಬಿ ಎಂಬುದು ಅಗಲ ಮತ್ತು ಎತ್ತರದ ವರ್ಗ, 24 ಸೆಂಟಿಮೀಟರ್ ಲೆಕ್ಕದ ಉದ್ದ, ಎಲ್ ಕಂಬಗಳು ಇರುವ ಬದಿ. ಎಲ್ ಜಾಗಕ್ಕೆ ಆರ್ ತಂದರೆ ಡಬ್ಬಿ ಟ್ರೇಯಲ್ಲಿ ಚೆನ್ನಾಗಿಯೇ ಕೂರುತ್ತದೆ, ಕೇಬಲ್ ಮಾತ್ರ ಕಂಬಕ್ಕೆ ಮುಟ್ಟುವುದಿಲ್ಲ. ಆಗ ಬ್ಯಾಟರಿಯನ್ನು ತಿರುಗಿಸಿ ಕೂರಿಸಿದರೆ ಪ್ಲಸ್ ಕಂಬ ಬಾನೆಟ್ಟಿನ ಕಬ್ಬಿಣದ ಹತ್ತಿರ ಬರಬಹುದು. ಅದು ಬೆಂಕಿಗೆ ದಾರಿ.

ಕಂಬದ ದಪ್ಪವೂ ಎರಡು ಬಗೆ. ದಪ್ಪ ಜಾತಿಯಲ್ಲಿ ಪ್ಲಸ್ ಬುಡದಲ್ಲಿ 19.5 ಎಂಎಂ, ಮೈನಸ್ 17.9 ಎಂಎಂ, ಸಣ್ಣ ಜಾತಿಯಲ್ಲಿ 14.7 ಮತ್ತು 13. ಎರಡರಲ್ಲೂ ಪ್ಲಸ್ ತುಸು ದಪ್ಪ ಎಂಬುದನ್ನು ಗಮನಿಸಿ. ಗುರುತು ಅಳಿಸಿಹೋದ ಬ್ಯಾಟರಿಯಲ್ಲಿ ಪ್ಲಸ್ ಯಾವುದೆಂದು ಕಣ್ಣಲ್ಲೇ ಹೇಳಲು ಅದು ನೆರವಾಗುತ್ತದೆ. ಆದರೂ ಮೀಟರ್ ಹಿಡಿದು ಖಾತ್ರಿ ಮಾಡಿಕೊಳ್ಳದೆ ಕೇಬಲ್ ಹಾಕಬಾರದು. ದಪ್ಪ ಕ್ಲಾಂಪನ್ನು ಸಣ್ಣ ಕಂಬಕ್ಕೆ ಹಾಕಿ ನಡುವೆ ತಗಡು ತುರುಕಿ ಬಿಗಿಯುವ ಪದ್ಧತಿ ಕೆಲವರಲ್ಲಿದೆ. ತಗಡು ಒಂದೆರಡು ಕಡೆ ಮಾತ್ರ ತಾಗುತ್ತದೆ, ಸೆಲ್ಫ್ ಹೊಡೆದಾಗ ಅಲ್ಲಿ ಕಾದು ಸೀಸ ಕರಗುತ್ತದೆ. ಬೇಕೇ ಬೇಕೆಂದರೆ ಸೀಸ ಅಥವಾ ಹಿತ್ತಾಳೆಯ ಸರಿಯಾದ ತೋಳು ಸಿಗುತ್ತದೆ, ಅದನ್ನು ಹಾಕಿ.

ಜಾತಿಯ ವಿಷಯದಲ್ಲಿ ರಾಜಿ ಬೇಡ. ಸಿಗ್ನಲ್‌ನಲ್ಲಿ ತಾನೇ ನಿಂತು ತಾನೇ ಶುರುವಾಗುವ ಕಾರಿಗೆ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿ ಬರುತ್ತದೆ, ಎರಡೂ ಪದೇ ಪದೇ ಸೆಲ್ಫ್ ಹೊಡೆಯುವುದನ್ನು ತಾಳುವ ಜಾತಿಗಳು. ಅದರ ಜಾಗದಲ್ಲಿ ಸಾಮಾನ್ಯ ಬ್ಯಾಟರಿ ಹಾಕಿದರೆ ಮೊದಲ ದಿನ ಏನೂ ವ್ಯತ್ಯಾಸ ಕಾಣದು. ದಿನಕ್ಕೆ ಹತ್ತಾರು ಸಲ ಸೆಲ್ಫ್ ಹೊಡೆದು, ಪ್ರತಿ ಸಲ ಅರೆಬರೆ ತುಂಬಿಕೊಂಡು, ಅದು ಅವಧಿಗೆ ಮುಂಚೆಯೇ ಸಾಯುತ್ತದೆ. ಎಜಿಎಂ ಜಾಗಕ್ಕೆ ಎಜಿಎಂ, ಇಎಫ್‌ಬಿ ಜಾಗಕ್ಕೆ ಇಎಫ್‌ಬಿ. ಎಎಚ್ ಮತ್ತು ಸಿಸಿಎ ಎರಡೂ ಹಳೆಯದಕ್ಕೆ ಸಮ ಇರಲಿ, ತುಸು ಹೆಚ್ಚಾದರೂ ತೊಂದರೆಯಿಲ್ಲ, ಕಡಿಮೆ ಬೇಡ. ಸಿಸಿಎ ಅಂದರೆ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಬ್ಯಾಟರಿ ಎಷ್ಟು ಆಂಪಿಯರ್ ಕೊಡಬಲ್ಲದು ಎಂಬ ಅಳತೆ. ಡೀಸೆಲ್ ಇಂಜಿನ್‌ಗೆ ಹೆಚ್ಚು ಬೇಕು, ಗಾಳಿಯನ್ನು ಒತ್ತಿ ಹಿಡಿಯುವ ಒತ್ತಡ ಅಲ್ಲಿ ಜಾಸ್ತಿ. 60 ಎಎಚ್ ಎಂಬುದರ ಅರ್ಥ 3 ಆಂಪಿಯರ್‌ನಂತೆ 20 ಗಂಟೆ. ಇವೆರಡೂ ಬೇರೆ ಬೇರೆ ಗುಣ, ಒಂದು ಹೆಚ್ಚಿದ್ದ ಮಾತ್ರಕ್ಕೆ ಇನ್ನೊಂದೂ ಹೆಚ್ಚಿರುತ್ತದೆ ಎಂದಿಲ್ಲ.

ಕೊಳ್ಳುವಾಗ ತಯಾರಿಕೆಯ ತಿಂಗಳು ನೋಡಿ, ಅಂಗಡಿಯಲ್ಲೇ ಮೀಟರ್ ಹಿಡಿಯಿರಿ. 12.5ಕ್ಕಿಂತ ಕಡಿಮೆ ತೋರಿಸುವುದನ್ನು ಬೇಡ ಎನ್ನಿ. ಅದು ಕಪಾಟಿನಲ್ಲೇ ತಿಂಗಳುಗಟ್ಟಲೆ ಕೂತು ಸಲ್ಫೇಟ್ ಕಟ್ಟಿಸಿಕೊಂಡಿರಬಹುದು. ವಾರಂಟಿ ಕಾರ್ಡಿನಲ್ಲಿ ಮಾರಾಟದ ತಾರೀಖು ಮತ್ತು ಮುದ್ರೆ ಬಿದ್ದ ಮೇಲೆಯೇ ಹೊರಗೆ ಬನ್ನಿ. ಡೀಲರ್ ಹತ್ತಿರ ತೆಗೆದುಕೊಳ್ಳುವವರೂ ಈ ಎರಡು ಪರೀಕ್ಷೆ ಮಾಡಬಹುದು, ಹಾಗೆ ಕೇಳಲು ಸಂಕೋಚ ಬೇಡ.

ಇನ್ನು ಆ ಮೂರನೆಯ ಪ್ರಶ್ನೆ. ಬಾನೆಟ್ ತೆಗೆದು ಮೈನಸ್ ಕ್ಲಾಂಪ್ ನೋಡಿ. ಅದರ ಮೇಲೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಪ್ಲಾಸ್ಟಿಕ್ ಡಬ್ಬಿ ಇದ್ದು, ಅದರಿಂದ ಸಣ್ಣ ವೈರ್ ಹೊರಟಿದ್ದರೆ ಅದು ಬ್ಯಾಟರಿ ಸೆನ್ಸರ್. ಬ್ಯಾಟರಿಗೆ ಎಷ್ಟು ಕರೆಂಟ್ ಹೋಯಿತು, ಎಷ್ಟು ಬಂತು, ಅದು ಎಷ್ಟು ಹಳೆಯದಾಗಿದೆ ಎಂಬುದನ್ನು ಕಾರು ಈ ಸೆನ್ಸರ್ ಮೂಲಕ ಲೆಕ್ಕವಿಡುತ್ತದೆ. ಬ್ಯಾಟರಿ ಹಳೆಯದಾದಂತೆ ಚಾರ್ಜ್ ಮಾಡುವ ರೀತಿಯನ್ನೂ ಬದಲಾಯಿಸುತ್ತದೆ. ಹೊಸದು ಬಂದಿದೆ ಎಂದು ತಿಳಿಸದಿದ್ದರೆ ಹಳೆಯ ಲೆಕ್ಕದಲ್ಲೇ ಹೊಸದಕ್ಕೂ ಚಾರ್ಜ್ ಕೊಡುತ್ತದೆ. ಸಿಗ್ನಲ್‌ನಲ್ಲಿ ಇಂಜಿನ್ ನಿಲ್ಲಿಸುವ ಸೌಲಭ್ಯವೂ ಕೆಲಸ ಮಾಡದೆ ಇರಬಹುದು. ಕೆಲವು ಕಾರುಗಳು ನಾಲ್ಕಾರು ದಿನ ಓಡಿದ ಮೇಲೆ ತಾವೇ ಅರಿತುಕೊಳ್ಳುತ್ತವೆ. ಬಿಎಂಡಬ್ಲ್ಯೂ ಥರದ ಕಾರುಗಳಿಗೆ ಒಬಿಡಿ ಸಾಕೆಟ್ಟಿಗೆ (ಕಾರಿನ ಕಂಪ್ಯೂಟರಿನ ಜೊತೆ ಮಾತಾಡಲು ಇರುವ ಸಾಕೆಟ್) ಸಾಧನ ಚುಚ್ಚಿ ನೋಂದಾಯಿಸಲೇಬೇಕು. ಎಎಚ್ ಅಥವಾ ಜಾತಿ ಬದಲಾದರೆ ಅದನ್ನೂ ಬರೆಯಬೇಕು.

ಸೆನ್ಸರ್ ಇಲ್ಲದ ಕಾರಿಗೆ ಡೀಲರ್ ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸೆನ್ಸರ್ ಇದ್ದರೆ ಕೈಪಿಡಿ ಓದಿ, ನೋಂದಣಿ ಬೇಕೇ ಎಂದು ಮೊದಲೇ ತಿಳಿದುಕೊಳ್ಳಿ. ಬೇಕಿದ್ದರೆ ಆ ಕೆಲಸ ಮಾಡಬಲ್ಲ ಸ್ಕ್ಯಾನರ್ ಇರುವ ಹೊರಗಿನ ಮೆಕ್ಯಾನಿಕ್ ಸಾಕು, ಅಥವಾ ಬ್ಯಾಟರಿ ನೀವೇ ಕೂರಿಸಿ ನೋಂದಣಿಯನ್ನಷ್ಟೇ ಸರ್ವಿಸ್ ಸೆಂಟರಿನಲ್ಲಿ ಮಾಡಿಸಬಹುದು. ಬ್ಯಾಟರಿ ಸೀಟಿನ ಕೆಳಗೋ ಚಕ್ರದ ಒಳಬದಿಯಲ್ಲೋ ಅಡಗಿದ್ದರೆ, 12 ವೋಲ್ಟಿನ ಬ್ಯಾಟರಿಯೇ ಲಿಥಿಯಂ ಆಗಿದ್ದರೆ, ಕಾರಿಗೆ ಇನ್ನೂ ವಾರಂಟಿ ಇದ್ದು ವಿದ್ಯುತ್ ದೂರು ಮೊದಲಿನಿಂದಲೇ ಇದ್ದರೆ ಡೀಲರ್‌ಗೇ ಬಿಡಿ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರಿನಲ್ಲೂ ಬೇರೆ 12 ವೋಲ್ಟಿನ ಬ್ಯಾಟರಿ ಇರುತ್ತದೆ. ಕೈಪಿಡಿಯ ಕ್ರಮದಂತೆ ಅದನ್ನು ಬದಲಾಯಿಸಬಹುದು, ಆದರೆ ಕಿತ್ತಳೆ ಬಣ್ಣದ ಕೇಬಲ್ ಎಲ್ಲಿ ಕಂಡರೂ ಮುಟ್ಟಬೇಡಿ, ಅದು ಪ್ರಾಣ ತೆಗೆಯುವ ವೋಲ್ಟೇಜ್.

ಕೆಲಸಕ್ಕೆ ಕೂರುವ ಮೊದಲು ಉಂಗುರ, ಕೈಗಡಿಯಾರ, ಬಳೆ ತೆಗೆದಿಡಿ. ಪ್ಲಸ್ ಮತ್ತು ಬಾಡಿಯ ನಡುವೆ ಉಂಗುರ ಸಿಕ್ಕರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ, ಬೆರಳಿನಿಂದ ತೆಗೆಯಲೂ ಆಗುವುದಿಲ್ಲ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್. ಬ್ಯಾಟರಿಯಲ್ಲಿರುವುದು ಸಲ್ಫ್ಯೂರಿಕ್ ಆಸಿಡ್. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ, ಗಾಳಿಯಲ್ಲಿ ಅದು ಶೇಕಡಾ 4 ಸೇರಿದರೂ ಒಂದು ಕಿಡಿಗೆ ಸಿಡಿಯಬಲ್ಲದು. ಚಾರ್ಜರ್ ತೆಗೆದ ತಕ್ಷಣ ಕೆಲಸ ಶುರುಮಾಡದೆ ಸ್ವಲ್ಪ ಹೊತ್ತು ಗಾಳಿಯಾಡಲು ಬಿಡಬೇಕು.

ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಕೀ ತೆಗೆದು ಜೇಬಿನಲ್ಲಿಟ್ಟುಕೊಳ್ಳಿ. ಚಾಲಕನ ಬದಿಯ ಗಾಜು ಇಳಿಸಿಡಿ. ಬ್ಯಾಟರಿ ಡಿಕ್ಕಿಯಲ್ಲಿದ್ದರೆ ಡಿಕ್ಕಿ ಮುಚ್ಚಿಕೊಳ್ಳದಂತೆ ಅದರ ಬೀಗದ ಬಾಯಿಗೆ ಬಟ್ಟೆ ಕಟ್ಟಿ. ಕರೆಂಟ್ ಇಲ್ಲದೆ ತೆರೆಯದ ಡಿಕ್ಕಿ ಎಷ್ಟೋ ಕಾರುಗಳಲ್ಲಿದೆ, ಹೊಸ ಬ್ಯಾಟರಿ ಕೈಯಲ್ಲಿದ್ದರೂ ಒಳಗೆ ಕೂರಿಸಲು ದಾರಿ ಇರುವುದಿಲ್ಲ. ರೇಡಿಯೊಗೆ ಕೋಡ್ ಇದ್ದರೆ ಬರೆದಿಟ್ಟುಕೊಳ್ಳಿ. ಹಳೆಯ ಬ್ಯಾಟರಿಯ ಫೋಟೊ ಒಂದು ತೆಗೆಯಿರಿ, ಯಾವ ಕೇಬಲ್ ಯಾವ ದಾರಿಯಲ್ಲಿ ಬಂದಿತ್ತು ಎಂಬುದಕ್ಕೆ. ಕಾರಿನ ನೆನಪು ಅಳಿಯದಿರಲಿ ಎಂದು ಒಬಿಡಿ ಸಾಕೆಟ್ ಮೂಲಕ ಹೊರಗಿನ ಕರೆಂಟ್ ಕೊಡುವ ಸಾಧನಗಳಿವೆ. ನಾನು ಅವನ್ನು ಬಳಸುವುದಿಲ್ಲ. ಅದು ಸಿಕ್ಕಿಸಿದ್ದಾಗ ಬಿಚ್ಚಿದ ಪ್ಲಸ್ ಕೇಬಲ್ ಕೂಡ ಜೀವಂತವಾಗಿರುತ್ತದೆ, ಬಾಡಿಗೆ ತಾಗಿದರೆ ಶಾರ್ಟ್. ಗಡಿಯಾರ ಮತ್ತೆ ಹೊಂದಿಸುವ ಎರಡು ನಿಮಿಷಕ್ಕಾಗಿ ಆ ಅಪಾಯ ಬೇಡ.

ಮೊದಲು ಬಿಚ್ಚುವುದು ಮೈನಸ್. ಈ ಕ್ರಮವನ್ನು ಎಲ್ಲರೂ ಹೇಳುತ್ತಾರೆ, ಕಾರಣ ಗೊತ್ತಿದ್ದರೆ ಮರೆಯುವುದಿಲ್ಲ. ಕಾರಿನ ಇಡೀ ಬಾಡಿ ಮೈನಸ್‌ಗೆ ಸೇರಿದೆ. ಮೈನಸ್ ಇನ್ನೂ ಹಾಕಿರುವಾಗ ಪ್ಲಸ್ ನಟ್ ಬಿಚ್ಚಲು ಹೋದರೆ, ಸ್ಪ್ಯಾನರ್ ಬಾಲ ಪಕ್ಕದ ಕಬ್ಬಿಣಕ್ಕೆ ತಾಗಿದ ಕೂಡಲೇ ನೂರಾರು ಆಂಪಿಯರ್ ಸ್ಪ್ಯಾನರ್ ಮೂಲಕ ಹರಿಯುತ್ತದೆ, ಅದು ಅಲ್ಲೇ ಅಂಟಿಕೊಳ್ಳಬಹುದು. ಮೈನಸ್ ತೆಗೆದ ಮೇಲೆ ಅದೇ ಸ್ಪ್ಯಾನರ್ ತಾಗಿದರೂ ಸರ್ಕ್ಯೂಟ್ ಪೂರ್ತಿಯಾಗುವುದಿಲ್ಲ. ಮೈನಸ್ ನಟ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಏನೂ ಆಗದು, ಎರಡೂ ಒಂದೇ ಕಡೆಯವು. ತೆಗೆದ ಮೈನಸ್ ಕೇಬಲ್ ಪುಟಿದು ಬಂದು ಮತ್ತೆ ಕಂಬಕ್ಕೆ ತಾಗದಂತೆ ಒಣಬಟ್ಟೆ ಸುತ್ತಿ ಪಕ್ಕಕ್ಕೆ ಬಾಗಿಸಿಡಿ.

ಕ್ಲಾಂಪ್ ಕಂಬಕ್ಕೆ ಕಚ್ಚಿಕೊಂಡಿರುವುದು ಸಾಮಾನ್ಯ. ನಮ್ಮದರಲ್ಲಿ ಪ್ಲಸ್ ಕ್ಲಾಂಪಿನ ಸುತ್ತ ನೀಲಿ ಹಸಿರು ಬಣ್ಣದ ಹಿಟ್ಟು ಹೂಕೋಸಿನಂತೆ ಉಬ್ಬಿ ನಟ್ಟನ್ನೇ ಮುಚ್ಚಿತ್ತು. ತಾಮ್ರಕ್ಕೆ ಆಸಿಡ್ ಹಬೆ ತಾಗಿ ಆದ ತಾಮ್ರದ ಸಲ್ಫೇಟ್ ಅದು. ಬರೀ ಬಿಳಿ ಇದ್ದರೆ ಸೀಸದ ಸಲ್ಫೇಟ್. ಒಂದು ಲೋಟ ಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕಲಸಿ, ಬ್ರಷ್‌ನಿಂದ ಹಚ್ಚಿದರೆ ಬುರುಬುರು ನೊರೆ ಬರುತ್ತದೆ. ನೊರೆ ನಿಂತಿತೆಂದರೆ ಆಸಿಡ್ ಮುಗಿಯಿತು. ಮುಚ್ಚಳ ಇರುವ ಬ್ಯಾಟರಿಯಾದರೆ ಸೋಡಾ ನೀರು ಒಳಗೆ ಒಂದು ಹನಿಯೂ ಹೋಗಬಾರದು, ಹೋದರೆ ಆ ಸೆಲ್‌ನ ಆಸಿಡ್ ಸತ್ತಂತೆ. ಆಮೇಲೆ ನಟ್ ಪೂರ್ತಿ ಸಡಿಲಿಸಿ, ಕ್ಲಾಂಪಿನ ಸೀಳನ್ನು ಸ್ಕ್ರೂ ಡ್ರೈವರ್‌ನಿಂದ ತುಸು ಅಗಲಿಸಿ, ಎಡಕ್ಕೂ ಬಲಕ್ಕೂ ಅಲ್ಪಸ್ವಲ್ಪ ತಿರುವುತ್ತ ಮೇಲಕ್ಕೆ ಎತ್ತಬೇಕು. ಸುತ್ತಿಗೆಯಿಂದ ಹೊಡೆಯುವುದು, ಕೆಳಗಿನಿಂದ ಮೀಟಿ ಎಬ್ಬಿಸುವುದು ಎರಡೂ ತಪ್ಪು. ಹೊಸ ಬ್ಯಾಟರಿಗೆ ಹೊಡೆದರೆ ಕಂಬದ ಬುಡದ ಸೀಲ್ ಬಿರಿದು ಆಸಿಡ್ ಮೇಲೆ ಏರಲು ಶುರುವಾಗುತ್ತದೆ. ಸೆನ್ಸರ್ ಇರುವ ಮೈನಸ್ ಕ್ಲಾಂಪನ್ನು ಮೀಟಿದರೆ ಸೆನ್ಸರ್ ಒಡೆಯುತ್ತದೆ. ಎಷ್ಟೋ ಕಾರುಗಳಲ್ಲಿ ಪ್ಲಸ್ ಕ್ಲಾಂಪಿನ ಮೇಲೆಯೇ ದೊಡ್ಡ ಫ್ಯೂಸ್‌ಗಳ ಪೆಟ್ಟಿಗೆ ಕೂತಿರುತ್ತದೆ. ಅದರ ಪ್ಲಾಸ್ಟಿಕ್ ಕೊಕ್ಕೆಗಳನ್ನು ಒಂದೊಂದಾಗಿ ಒತ್ತಿ ಬಿಡಿಸಿ, ಕೇಬಲ್ ಸಮೇತ ಪಕ್ಕಕ್ಕೆ ಇಡಬೇಕು. ಅವಸರದಲ್ಲಿ ಎಳೆದರೆ ಬ್ಯಾಟರಿಗಿಂತ ದೊಡ್ಡ ಖರ್ಚು ಬರುತ್ತದೆ.

ಟ್ರೇಯ ಕ್ಲಾಂಪಿನ ಬೋಲ್ಟ್ ಬ್ಯಾಟರಿಯ ಬುಡದಲ್ಲಿ ಇರುವುದರಿಂದ ಉದ್ದ ಎಕ್ಸ್‌ಟೆನ್ಷನ್ ಬೇಕು, 20 ಸೆಂಟಿಮೀಟರ್ ಇದ್ದರೆ ಒಳ್ಳೆಯದು. ಬೋಲ್ಟ್ ಕೈಜಾರಿದರೆ ಇಂಜಿನ್ನಿನ ಕೆಳಗಿನ ಪ್ಲಾಸ್ಟಿಕ್ ಹಲಗೆಯೊಳಗೆ ಬಿದ್ದು ಸಿಗದೆ ಹೋಗುತ್ತದೆ. ಸಾಕೆಟ್ ಒಳಗೆ ಸಣ್ಣ ಚೂರು ಕಾಗದ ತುರುಕಿದರೆ ಬೋಲ್ಟ್ ಅದರಲ್ಲೇ ಹಿಡಿದುಕೊಂಡು ಮೇಲೆ ಬರುತ್ತದೆ. ಬ್ಯಾಟರಿ ಎತ್ತುವಾಗ ಹಿಡಿ ಇದ್ದರೆ ಹಿಡಿಯಿಂದ, ಇಲ್ಲದಿದ್ದರೆ ಎರಡೂ ಕೈ ಬುಡಕ್ಕೆ ಕೊಟ್ಟು ಎತ್ತಿ. 60 ಎಎಚ್‌ದು ಸುಮಾರು 15 ಕಿಲೋ ತೂಗುತ್ತದೆ, ಬಗ್ಗಿದ ಬೆನ್ನಿಗೆ ಅದು ಸಣ್ಣ ಭಾರವಲ್ಲ. ವಾಲಿಸದೆ ನೆಟ್ಟಗೆ ಎತ್ತಬೇಕು.

ಖಾಲಿಯಾದ ಟ್ರೇಗೂ ಸೋಡಾ ನೀರು ಹಾಕಿ ತೊಳೆದು ಒಣಗಿಸಿ. ತುಕ್ಕು ಹಿಡಿದಿದ್ದರೆ ಉಜ್ಜಿ ಬಣ್ಣ ಹಚ್ಚಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಒಂದು ಸಣ್ಣ ಕಲ್ಲು ಬುಡದಲ್ಲಿ ಉಳಿದರೂ ರಸ್ತೆಯ ಕುಲುಕಾಟಕ್ಕೆ ಡಬ್ಬಿಯಲ್ಲಿ ತೂತು ಬೀಳಬಹುದು. ಕೇಬಲ್ ಕ್ಲಾಂಪಿನ ಒಳಮೈಯನ್ನು ವೈರ್ ಬ್ರಷ್ ಅಥವಾ ಎಮರಿ ಪೇಪರಿನಿಂದ ಹೊಳೆಯುವ ಸೀಸ ಕಾಣುವವರೆಗೆ ಉಜ್ಜಿ. ಡಿಕ್ಕಿಯಲ್ಲಿ ಅಥವಾ ಕಾರಿನೊಳಗೆ ಬ್ಯಾಟರಿ ಇರುವ ಕಾರಾದರೆ ಹಳೆಯದರ ಪಕ್ಕಕ್ಕೆ ಸಿಕ್ಕಿಸಿದ್ದ ತೆಳು ಗಾಳಿ ಕೊಳವೆಯನ್ನು ಮರೆಯದೆ ಹೊಸದಕ್ಕೆ ಹಾಕಬೇಕು. ಹೈಡ್ರೋಜನ್ ಹೊರಹೋಗುವ ದಾರಿ ಅದೊಂದೇ. ಕೊಳವೆಯ ತೂತು ಯಾವ ಬದಿಗಿದೆ ಎಂದು ನೋಡಿ, ಇನ್ನೊಂದು ಬದಿಯ ತೂತಿಗೆ ಜೊತೆಗೆ ಬಂದ ಬಿರಡೆ ಹಾಕಿ.

ಕೂರಿಸುವಾಗ ಮೊದಲು ಟ್ರೇಯ ಕ್ಲಾಂಪ್ ಬಿಗಿಯಿರಿ, ಕೈಯಿಂದ ಅಲ್ಲಾಡಿಸಿದರೆ ಬ್ಯಾಟರಿ ಕಾರಿನ ಜೊತೆಗೇ ಅಲ್ಲಾಡಬೇಕು. ಸಡಿಲ ಬಿಟ್ಟ ಬ್ಯಾಟರಿಯ ಪ್ಲೇಟುಗಳಿಂದ ಪುಡಿ ಉದುರಿ ತಳದಲ್ಲಿ ಶಾರ್ಟ್ ಆಗುತ್ತದೆ. ಆಮೇಲೆ ಪ್ಲಸ್, ಕೊನೆಗೆ ಮೈನಸ್. ಕೇಬಲ್ಲಿನ ಕ್ಲಾಂಪ್ ಕಂಬದ ಬುಡದವರೆಗೆ ಇಳಿದಿರಬೇಕು, ಕಂಬದ ನೆತ್ತಿ ತುಸು ಮೇಲೆ ಕಾಣುವಂತೆ. ಬಿಗಿಯುವುದು ಸುಮಾರು 5ರಿಂದ 6 ನ್ಯೂಟನ್ ಮೀಟರ್, ಅಂದರೆ ಚಿಕ್ಕ ಸ್ಪ್ಯಾನರನ್ನು ಮಣಿಕಟ್ಟಿನ ಬಲದಿಂದ ತಿರುಗಿಸಿದಷ್ಟು. ನಿಮ್ಮ ಕಾರಿನ ಅಂಕಿ ಕೈಪಿಡಿಯಲ್ಲಿ ಬೇರೆ ಇದ್ದರೆ ಅದನ್ನೇ ಪಾಲಿಸಿ. ಸೀಸ ಮೆತ್ತಗಿನ ಲೋಹ. ತೋಳ್ಬಲ ಹಾಕಿದರೆ ಕ್ಲಾಂಪ್ ಸೀಳುತ್ತದೆ. ಕೈಯಿಂದ ತಿರುವಿದಾಗ ಅಲುಗದಿದ್ದರೆ ಸಾಕು. ವ್ಯಾಸಲೀನ್ ಹಚ್ಚುವುದು ಬಿಗಿದ ಮೇಲೆ, ಹೊರಗಿನಿಂದ ತೆಳುವಾಗಿ.

ಮೈನಸ್ ತಾಗಿಸುವ ಕ್ಷಣದಲ್ಲಿ ಚಿಟ್ ಎಂದು ಸಣ್ಣ ಕಿಡಿ ಬರುವುದು ಸಹಜ, ಒಳಗಿನ ಕಂಪ್ಯೂಟರುಗಳು ಒಮ್ಮೆಲೇ ತುಂಬಿಕೊಳ್ಳುತ್ತವೆ. ದೊಡ್ಡ ಕಿಡಿ ಬಂದರೆ, ಅಥವಾ ತಾಗಿಸಿದಷ್ಟೂ ಸಲ ಬರುತ್ತಿದ್ದರೆ ನಿಲ್ಲಿಸಿ. ದೀಪವೋ ಕೀಯೋ ಆನ್ ಇದೆ, ಇಲ್ಲವೇ ಪ್ಲಸ್ ಮೈನಸ್ ಅದಲುಬದಲಾಗಿದೆ. ಅದಲುಬದಲಾದರೆ ಮೊದಲು ಸುಡುವುದು ಆಲ್ಟರ್ನೇಟರಿನ ಡಯೋಡ್ ಮತ್ತು ದೊಡ್ಡ ಫ್ಯೂಸ್, ಅದೃಷ್ಟ ಕೆಟ್ಟಿದ್ದರೆ ಇಂಜಿನ್ ಕಂಪ್ಯೂಟರ್.

ಹೊಸದು ಹಾಕಿದ ಮೇಲೆ ಸೆಲ್ಫ್ ಹೊಡೆದಾಗ ಮೀಟರ್ 10.9ರಲ್ಲಿ ನಿಂತಿತು, ಇಂಜಿನ್ ಓಡುವಾಗ 14.2. ಇಎಸ್‌ಪಿ (ಕಾರು ಜಾರದಂತೆ ಹಿಡಿಯುವ ವ್ಯವಸ್ಥೆ) ದೀಪ ಉರಿಯುತ್ತಿತ್ತು. ಸ್ಟೇರಿಂಗನ್ನು ಎಡದ ಕೊನೆಯಿಂದ ಬಲದ ಕೊನೆಗೆ ಒಮ್ಮೆ ತಿರುಗಿಸಿ ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿದಾಗ ಆರಿತು. ಒಂದೇ ಒತ್ತಿಗೆ ಮೇಲೇರುವ ಗಾಜುಗಳು ಅರ್ಧಕ್ಕೇ ನಿಲ್ಲುತ್ತವೆ. ಸ್ವಿಚ್ ಎಳೆದು ಹಿಡಿದು ಪೂರ್ತಿ ಮೇಲೆ ಹೋದ ಮೇಲೂ ಕೆಲವು ಸೆಕೆಂಡ್ ಹಾಗೇ ಹಿಡಿದರೆ ಮತ್ತೆ ಕಲಿತುಕೊಳ್ಳುತ್ತವೆ. ಐಡ್ಲಿಂಗ್ ಒಂದೆರಡು ದಿನ ಏರುಪೇರಾದರೆ ಗಾಬರಿ ಬೇಡ. ಕಾರು ಅದನ್ನು ಓಡುತ್ತ ಸರಿಪಡಿಸಿಕೊಳ್ಳುತ್ತದೆ. ಅಂಗಡಿಯಿಂದ ಬಂದ ಬ್ಯಾಟರಿ 12.5ರಲ್ಲಿದ್ದರೆ ಮೊದಲ ರಾತ್ರಿಯೇ ಚಾರ್ಜರಿನಲ್ಲಿ ಪೂರ್ತಿ ತುಂಬಿಸಿ. ಸಣ್ಣಪುಟ್ಟ ಓಡಾಟದಲ್ಲಿ ಆಲ್ಟರ್ನೇಟರ್ ಆ ಕೊರತೆಯನ್ನು ತುಂಬುವುದಿಲ್ಲ. ಒಂದು ವಾರದ ನಂತರ ಟರ್ಮಿನಲ್ ನಟ್‌ಗಳನ್ನು ಮತ್ತೊಮ್ಮೆ ಕೈಯಿಟ್ಟು ನೋಡಿ, ಸೀಸ ಸ್ವಲ್ಪ ಒತ್ತಿಕೊಂಡು ಸಡಿಲವಾಗಿರುತ್ತದೆ.

ಹಳೆಯ ಬ್ಯಾಟರಿಯನ್ನು ನೆಟ್ಟಗೆ ನಿಲ್ಲಿಸಿ, ಎರಡೂ ಕಂಬಗಳಿಗೆ ಟೇಪ್ ಸುತ್ತಿ, ಆಸಿಡ್ ತಾಗಿದರೂ ಚಿಂತೆಯಿಲ್ಲದ ಪ್ಲಾಸ್ಟಿಕ್ ತಟ್ಟೆಯಲ್ಲಿಟ್ಟು ಕೊಂಡ ಅಂಗಡಿಗೇ ಕೊಡಿ. ಅದರ ಸೀಸ ಕರಗಿಸಿ ಮತ್ತೆ ಬ್ಯಾಟರಿಯೇ ಮಾಡುತ್ತಾರೆ, ಹಾಗಾಗಿ ಅದಕ್ಕೆ ಬೆಲೆಯೂ ಕಟ್ಟುತ್ತಾರೆ. ಡೀಲರ್ ಹತ್ತಿರ ಬದಲಾಯಿಸಿದರೂ ಈ ಬೆಲೆಯನ್ನು ಬಿಲ್ಲಿನಲ್ಲಿ ಕಳೆದಿದ್ದಾರೆಯೇ ಎಂದು ನೋಡಿ, ಕಳೆಯದಿದ್ದರೆ ಕೇಳಿ.